ಕೊಚ್ಚಿ ನೋಡಲು ಬಸ್ಸೋ ದೋಣಿಯೋ? ಮೆಜೆಸ್ಟಿಕ್‌ನಿಂದ ಹೊರಡುವವರಿಗೆ

ದೋಣಿಯ ವಿಷಯದಲ್ಲಿ ಬೆಂಗಳೂರಿನವರಾದ ನಮಗೆ ಒಂದು ತಪ್ಪು ಅಭ್ಯಾಸವಿದೆ. ಅದನ್ನು ಕಲಿಸಿದ್ದು ನಮ್ಮ ಕೆರೆಗಳು. ಹಲಸೂರು ಕೆರೆಯಲ್ಲಿ ಚೀಟಿ ಕೊಂಡು, ಕಿತ್ತಳೆ ಬಣ್ಣದ ಜಾಕೆಟ್ ಬಿಗಿದುಕೊಂಡು, ಒಂದು ಸುತ್ತು ಹಾಕಿ ಹತ್ತಿದ ಜಾಗದಲ್ಲೇ ಇಳಿಯುತ್ತೇವೆ. ನಮ್ಮ ಲೆಕ್ಕದಲ್ಲಿ ದೋಣಿ ಜಾತ್ರೆಯ ತೊಟ್ಟಿಲಿನ ಜಾತಿಗೆ ಸೇರಿದ್ದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಕೆಲಸ ಬಸ್ಸಿನದು. ಆ ಬಸ್ಸುಗಳು ನಿಲ್ಲುವ ಮೆಜೆಸ್ಟಿಕ್ ಇರುವುದೇ ಬತ್ತಿಹೋದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ನೀರಿದ್ದಲ್ಲಿ ಬಸ್ಸು ತಂದು ನಿಲ್ಲಿಸಿದ ಊರು ನಮ್ಮದು.

ಕೊಚ್ಚಿಯಲ್ಲಿ ಇದು ತಿರುವುಮುರುವು. ಅಲ್ಲಿ ನೀರೇ ಹಳೆಯ ರಸ್ತೆ, ಟಾರು ರಸ್ತೆ ಆಮೇಲೆ ಬಂದದ್ದು. ದೋಣಿ ಹತ್ತಿದವನು ಬೇರೆ ಕಡೆ ಇಳಿಯುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಮೀನು ಕೊಂಡು ಸಂಜೆ ಮನೆಗೆ ಮರಳುತ್ತಾನೆ. ಇದು ಗೊತ್ತಿಲ್ಲದೆ ಹೋದರೆ ‘ಬೋಟಿಂಗ್’ಗೆಂದು ಸಾವಿರಾರು ರೂಪಾಯಿ ತೆತ್ತು, ಪಕ್ಕದಲ್ಲೇ ಕಾಫಿಯ ಕ್ರಯಕ್ಕಿಂತ ಕಡಿಮೆಗೆ ಅದೇ ನೀರಿನ ಮೇಲೆ ಹೋಗುವ ಸರ್ಕಾರಿ ದೋಣಿಯನ್ನು ನೋಡುತ್ತಾ ಕೂರಬೇಕಾಗುತ್ತದೆ. ನಾನು ಹಾಗೆ ಕೂತವನು. ಕೊಚ್ಚಿಗೆ ಒಮ್ಮೆ ಸಹೋದ್ಯೋಗಿಗಳ ಜೊತೆ, ಒಮ್ಮೆ ಅಪ್ಪ ಅಮ್ಮನ ಜೊತೆ, ಇನ್ನೊಮ್ಮೆ ಮಗಳ ಜೊತೆ ಹೋಗಿದ್ದೇನೆ. ಮೂರು ಸಲವೂ ಬೇರೆ ಬೇರೆ ಉತ್ತರ ಸಿಕ್ಕಿದೆ. ‘ಬಸ್ಸೋ ದೋಣಿಯೋ’ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ‘ಜೊತೆಯಲ್ಲಿ ಯಾರು, ಯಾವ ವಾರ’ ಎಂದು.

ಮೊದಲು ಊರಿನ ಆಕಾರ

ಹೋಲಿಕೆಗೆ ಮುಂಚೆ ನಕ್ಷೆ ತಲೆಯಲ್ಲಿರಬೇಕು. ಪೂರ್ವಕ್ಕೆ ಎರ್ನಾಕುಳಂ: ರೈಲು ನಿಲ್ದಾಣ, ಮೆಟ್ರೊ, ಅಂಗಡಿಗಳು, ಹೈಕೋರ್ಟು. ಪಶ್ಚಿಮಕ್ಕೆ ಸಮುದ್ರದ ಬಾಯಲ್ಲಿ ಫೋರ್ಟ್ ಕೊಚ್ಚಿ, ಅದಕ್ಕೆ ಅಂಟಿಕೊಂಡಂತೆ ಮಟ್ಟಾಂಚೇರಿ. ಹೋದವರೆಲ್ಲ ನೋಡಬೇಕೆನ್ನುವ ಹಳೆಯ ಊರು ಇವೆರಡೇ. ಎರ್ನಾಕುಳಂಗೂ ಹಳೆಯ ಊರಿಗೂ ನಡುವೆ ಹಿನ್ನೀರು, ಹಿನ್ನೀರಿನ ನಡುವೆ ವಿಲಿಂಗ್ಡನ್ ದ್ವೀಪ. ಉತ್ತರಕ್ಕೆ ಬೋಲ್ಗಾಟಿ, ವಲ್ಲಾರ್ಪಾಡಂ, ವೈಪಿನ್ ದ್ವೀಪಗಳು ಸಾಲಾಗಿ ನಿಂತಿವೆ.

ವಿಲಿಂಗ್ಡನ್ ದ್ವೀಪವನ್ನು ದೇವರು ಮಾಡಿದ್ದಲ್ಲ. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರ್ ದೊಡ್ಡ ಹಡಗುಗಳು ಒಳಗೆ ಬರಲೆಂದು ಬಂದರಿನ ಹೂಳೆತ್ತಿಸಿದ, ಎತ್ತಿದ ಮಣ್ಣನ್ನು ಸುರಿದೇ ಈ ದ್ವೀಪವಾಯಿತು. ಬಂದರಿನ ಹುಟ್ಟಿನ ಹಿಂದೆಯೂ ನೀರಿನದೇ ಕೈವಾಡ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರ ಮುಜಿರಿಸ್ ಬಂದರನ್ನು ಹೂಳಿನಲ್ಲಿ ಮುಚ್ಚಿ, ಕೊಚ್ಚಿಯ ಬಾಯಿ ತೆರೆಯಿತು ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಹೇಳುವ ಮಾತು. ಆ ಬಾಯಲ್ಲಿ ಪೋರ್ಚುಗೀಸರು, 1663ರಲ್ಲಿ ಅವರನ್ನು ಸೋಲಿಸಿದ ಡಚ್ಚರು, 1795ರಲ್ಲಿ ಬ್ರಿಟಿಷರು, ಹೀಗೆ ಒಬ್ಬರ ಹಿಂದೊಬ್ಬರು ಬಂದಿಳಿದರು. ಎಲ್ಲರೂ ಬಂದದ್ದು ನೀರಿನ ಕಡೆಯಿಂದ. ಕೋಟೆ, ಇಗರ್ಜಿ, ಗೋದಾಮು ಎಲ್ಲವೂ ಮುಖ ಮಾಡಿ ನಿಂತಿರುವುದು ಆ ಕಡೆಗೇ. ಬಸ್ಸಿನಲ್ಲಿ ಹೋದರೆ ಹಳೆಯ ಊರನ್ನು ಹಿತ್ತಲ ಬಾಗಿಲಿನಿಂದ ಹೊಕ್ಕಂತೆ. ದೋಣಿಯಲ್ಲಿ ಹೋದರೆ ಹೆಬ್ಬಾಗಿಲಿಗೇ ಇಳಿಯುತ್ತೀರಿ.

ಇಷ್ಟು ಹೇಳಿದ ಮೇಲೆ ನನ್ನ ಪಕ್ಷಪಾತ ಗೊತ್ತಾಗಿರಬೇಕು. ಆದರೂ ಬಸ್ಸಿಗೆ ಅದರ ನ್ಯಾಯ ಸಲ್ಲಿಸುತ್ತೇನೆ.

ವೈಟ್ಟಿಲದ ಎಡವಟ್ಟು

ಬೆಂಗಳೂರಿನ ರಾತ್ರಿ ಬಸ್ಸುಗಳು ಹೊಸೂರು, ಸೇಲಂ, ಕೊಯಮತ್ತೂರು, ಪಾಲಕ್ಕಾಡ್ ದಾಟಿ ಬೆಳಿಗ್ಗೆ ಎರ್ನಾಕುಳಂ ಸೇರುತ್ತವೆ. ಹಲವು ಬಸ್ಸುಗಳು ವೈಟ್ಟಿಲದಲ್ಲಿ ಇಳಿಸುತ್ತವೆ. ಬಸ್ ನಿಲ್ದಾಣ, ಮೆಟ್ರೊ ರೈಲು, ವಾಟರ್ ಮೆಟ್ರೊ ಮೂರೂ ಅಲ್ಲಿ ಒಂದೇ ಕಡೆ ಇವೆ. ನಿದ್ದೆಗಣ್ಣಿನಲ್ಲಿ ‘ವಾಟರ್ ಮೆಟ್ರೊ’ ಎಂಬ ಫಲಕ ನೋಡಿ ಯಾರಿಗಾದರೂ ಖುಷಿಯಾಗುತ್ತದೆ, ನೇರ ದೋಣಿ ಹತ್ತಿ ಫೋರ್ಟ್ ಕೊಚ್ಚಿ ಸೇರಿಬಿಡಬಹುದು ಎಂದು. ಅಲ್ಲಿಂದ ಹೊರಡುವ ದೋಣಿ ಹೋಗುವುದು ಕಾಕ್ಕನಾಡಿಗೆ. ಅದು ಪೂರ್ವದ ದಿಕ್ಕು, ಐಟಿ ಕಂಪನಿಗಳ ಕಡೆ. ಬೆಳ್ಳಂದೂರಿನಿಂದ ತಪ್ಪಿಸಿಕೊಂಡು ಬಂದವರು ಮೊದಲ ದೋಣಿಯಲ್ಲೇ ಇನ್ನೊಂದು ಟೆಕ್ ಪಾರ್ಕಿನ ದಾರಿ ಹಿಡಿದಂತಾಗುತ್ತದೆ. ಆ ದೋಣಿಯೇನೂ ಕೆಟ್ಟದ್ದಲ್ಲ, ಎರಡೂ ದಡದಲ್ಲಿ ತೆಂಗು, ಹಸಿರು, ನೀರುಕಾಗೆ ಎಲ್ಲವೂ ಇವೆ. ಇತಿಹಾಸ ಮಾತ್ರ ಆ ದಿಕ್ಕಿನಲ್ಲಿಲ್ಲ.

ಸರಿಯಾದ ದಾರಿ ಇದು: ವೈಟ್ಟಿಲದಿಂದ ಮೆಟ್ರೊ ರೈಲು ಹಿಡಿದು ಮಹಾರಾಜಾಸ್ ಕಾಲೇಜ್ ನಿಲ್ದಾಣದಲ್ಲಿ ಇಳಿದರೆ ಸರ್ಕಾರಿ ದೋಣಿಗಳ ಮುಖ್ಯ ಜೆಟ್ಟಿ, ಅಂದರೆ ದೋಣಿ ಕಟ್ಟೆ, ಹತ್ತಿರ. ಎಂ.ಜಿ. ರೋಡ್ ನಿಲ್ದಾಣದಲ್ಲಿ ಇಳಿದು ಆಟೊ ಮಾಡಿದರೆ ಹೈಕೋರ್ಟಿನ ಬಳಿಯ ವಾಟರ್ ಮೆಟ್ರೊ ಟರ್ಮಿನಲ್. ಈ ಎರಡು ಜಾಗಗಳೂ ಬೇರೆ ಬೇರೆ, ದೋಣಿಗಳೂ ಬೇರೆ ಬೇರೆ. ‘ಬೋಟ್ ಜೆಟ್ಟಿ’ ಎಂದಷ್ಟೇ ಆಟೊದವರಿಗೆ ಹೇಳಿದರೆ ಮೊದಲನೆಯದಕ್ಕೆ ಕರೆದೊಯ್ಯುತ್ತಾರೆ.

ಹಳೆಯ ಸರ್ಕಾರಿ ದೋಣಿ

ಕೇರಳ ಸರ್ಕಾರದ ಜಲಸಾರಿಗೆ ಇಲಾಖೆಯ ದೋಣಿಗಳಿಗೆ ದಶಕಗಳ ಇತಿಹಾಸವಿದೆ. ಸುಭಾಷ್ ಪಾರ್ಕಿನ ಬಳಿಯ ಮುಖ್ಯ ಜೆಟ್ಟಿಯಿಂದ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ, ವೈಪಿನ್, ವಿಲಿಂಗ್ಡನ್ ದ್ವೀಪಗಳಿಗೆ ಓಡುತ್ತವೆ. ಫೋರ್ಟ್ ಕೊಚ್ಚಿಗೆ ಸುಮಾರು ಇಪ್ಪತ್ತು ನಿಮಿಷ. ಟಿಕೆಟ್ಟಿನ ದರ ಹೇಳಿದಾಗ ಅಪ್ಪ ನಂಬದೆ, ‘ಇನ್ನೊಮ್ಮೆ ಕೇಳು, ಒಬ್ಬರಿಗೋ ನಾಲ್ವರಿಗೋ’ ಎಂದರು. ಹತ್ತು ರೂಪಾಯಿಯ ನೋಟು ಕೊಟ್ಟರೆ ಚಿಲ್ಲರೆ ವಾಪಸು ಬರುತ್ತಿತ್ತು.

ಈ ದೋಣಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಂದೆ ಚುಕ್ಕಾಣಿ ಹಿಡಿದು ನಿಂತವನು ಸ್ರಾಂಕ್. ಎಂಜಿನ್ ಇರುವುದು ಅವನ ಬಳಿಯಲ್ಲ, ಹಿಂದೆ. ಅದನ್ನು ನೋಡಿಕೊಳ್ಳಲು ಇನ್ನೊಬ್ಬ ಚಾಲಕ. ಇಬ್ಬರ ನಡುವಿನ ಮಾತುಕತೆಯೆಲ್ಲ ಒಂದು ಗಂಟೆಯ ಮೂಲಕ. ಸ್ರಾಂಕ್ ಹಗ್ಗ ಎಳೆಯುತ್ತಾನೆ, ಹಿಂದೆ ಟಣ್ ಎನ್ನುತ್ತದೆ, ಎಂಜಿನ್ ಗುರುಗುಟ್ಟುತ್ತದೆ. ಜೆಟ್ಟಿ ಹತ್ತಿರ ಬಂದಾಗ ಮತ್ತೆ ಟಣ್ ಟಣ್, ಎಂಜಿನ್ ತಣ್ಣಗಾಗುತ್ತದೆ. ನಮ್ಮ ಬಸ್ಸಿನ ಕಂಡಕ್ಟರ್ ಸೀಟಿ ಊದಿ ‘ರೈಟ್’ ಹೇಳುವುದಕ್ಕೂ ಇದಕ್ಕೂ ಅಷ್ಟೇನೂ ವ್ಯತ್ಯಾಸವಿಲ್ಲ. ಇಲ್ಲಿ ಬ್ರೇಕ್ ಇಲ್ಲ ಅಷ್ಟೇ. ದೋಣಿ ತನ್ನ ಓಟದಲ್ಲೇ ಜಾರಿಕೊಂಡು ಬಂದು ದಡದ ಹಳೆಯ ಟೈರುಗಳಿಗೆ ಮೆತ್ತಗೆ ಒರಗುತ್ತದೆ. ಆಗ ಖಾಕಿ ಅಂಗಿಯ ಲಸ್ಕರ್, ಅಂದರೆ ದೋಣಿಯ ಆಳು, ಹಗ್ಗದ ಕುಣಿಕೆಯನ್ನು ಕಂಬದ ತಲೆಗೆ ಎಸೆದು, ಅದನ್ನು ತಿರುಗಿಯೂ ನೋಡದೆ ಜನರನ್ನು ಇಳಿಸತೊಡಗುತ್ತಾನೆ.

ಅಮ್ಮನಿಗೆ ಮಂಡಿನೋವು. ದೋಣಿಗೂ ಜೆಟ್ಟಿಗೂ ನಡುವೆ ಮೊಳದಷ್ಟು ಸಂದು, ಆ ಸಂದಿನಲ್ಲಿ ನೀರು ಮೇಲೆ ಕೆಳಗೆ ಉಸಿರಾಡುತ್ತಿತ್ತು. ಅಮ್ಮ ನಿರಿಗೆ ಎತ್ತಿ ಹಿಡಿದು ನಿಂತುಬಿಟ್ಟರು. ಹಿಂದಿದ್ದವರು ಗೊಣಗಲಿಲ್ಲ, ಎದ್ದವರು ಕೂತರು. ಲಸ್ಕರ್ ಒಂದು ಕೈ ಚಾಚಿ ಮಲಯಾಳದಲ್ಲಿ ಏನೋ ಹೇಳಿದ. ದೋಣಿ ಮೇಲೇರುವ ಕ್ಷಣ ನೋಡಿ ಅವರನ್ನು ಎತ್ತಿದಂತೆ ಆಚೆ ದಾಟಿಸಿದ. ಅಮ್ಮ ಈಗಲೂ ಕೊಚ್ಚಿ ಎಂದರೆ ಅರಮನೆಯ ಬಗ್ಗೆ ಹೇಳುವುದಿಲ್ಲ, ‘ಆ ಹುಡುಗ ಕೈ ಹಿಡಿದ’ ಎನ್ನುತ್ತಾರೆ. ಹುಡುಗನಿಗೆ ಐವತ್ತು ವರ್ಷವಿದ್ದೀತು.

ಹಾಗಾಗಿ ಕಾಲು ಗಟ್ಟಿಯಿರುವವರಿಗೆ ನನ್ನ ಮೊದಲ ಆಯ್ಕೆ ಇದೇ. ಎಡಗಡೆ ಕೂತರೆ ವಿಲಿಂಗ್ಡನ್ ದ್ವೀಪ, ಕಟ್ಟೆಗೆ ಒರಗಿ ನಿಂತ ಹಡಗುಗಳು. ಬಲಗಡೆ ಕೂತರೆ ಬೋಲ್ಗಾಟಿಯ ತೆಂಗಿನ ಸಾಲು, ಅದರಾಚೆ ವಲ್ಲಾರ್ಪಾಡಂನ ಕಂಟೇನರ್ ಕ್ರೇನುಗಳು ಜಿರಾಫೆಗಳಂತೆ. ನಾನು ಎಡಗಡೆಯವನು. ಕೊನೆಯ ಐದು ನಿಮಿಷದಲ್ಲಿ ಸಮುದ್ರದ ಬಾಯಿ ಕಾಣುತ್ತದೆ, ಗಾಳಿಯ ವಾಸನೆ ಬದಲಾಗುತ್ತದೆ. ಆ ಬಾಯಿಯ ಹತ್ತಿರ ಡಾಲ್ಫಿನ್‌ಗಳು ಬೆನ್ನು ತೋರಿಸುವುದುಂಟು. ಮಗಳಿಗೆ ಒಂದು ಕಂಡಿತು, ನನಗೆ ಅವಳು ಬೆರಳು ತೋರಿಸಿದ ಜಾಗದ ನೀರು ಕಂಡಿತು. ನೌಕಾಪಡೆಯ ನೆಲೆ ಇರುವ ಕಡೆಗೆ ಮಾತ್ರ ಕ್ಯಾಮೆರಾ ತಿರುಗಿಸಬೇಡಿ.

ಕುಂದಾಪುರದ ನನ್ನ ಸ್ನೇಹಿತನ ಮನೆಯಲ್ಲಿ ಇಂತಹ ದೋಣಿ ಕಟ್ಟೆಗೆ ‘ಕಡವು’ ಎನ್ನುತ್ತಾರೆ. ಮಲಯಾಳದಲ್ಲೂ ಅದೇ ಮಾತು. ಘಟ್ಟದ ಮೇಲಿನ ನಾವು ಆ ಶಬ್ದವನ್ನು ಮರೆತಿದ್ದೇವೆ.

ವಾಟರ್ ಮೆಟ್ರೊ

2023ರ ಏಪ್ರಿಲ್‌ನಲ್ಲಿ ಶುರುವಾದ ಸೇವೆ ಇದು. ಬ್ಯಾಟರಿಯಿಂದ ಓಡುವ, ಅಲ್ಲಿಯದೇ ಕೊಚ್ಚಿನ್ ಶಿಪ್‌ಯಾರ್ಡಿನಲ್ಲಿ ಕಟ್ಟಿದ ಹವಾನಿಯಂತ್ರಿತ ದೋಣಿಗಳು. ಒಂದರಲ್ಲಿ ನೂರು ಜನ. ಹೈಕೋರ್ಟಿನಿಂದ ಫೋರ್ಟ್ ಕೊಚ್ಚಿಗೆ 2024ರ ಏಪ್ರಿಲ್‌ನಲ್ಲಿ, ಮಟ್ಟಾಂಚೇರಿಗೂ ವಿಲಿಂಗ್ಡನ್ ದ್ವೀಪಕ್ಕೂ 2025ರ ಅಕ್ಟೋಬರ್‌ನಲ್ಲಿ ಓಡಾಟ ಆರಂಭವಾಯಿತು. ನಾನು ಹೋದಾಗ ಫೋರ್ಟ್ ಕೊಚ್ಚಿಗೆ ತಲೆಗೆ 40 ರೂಪಾಯಿ. ಹಳೆಯ ದೋಣಿಗೆ ಹೋಲಿಸಿದರೆ ದುಬಾರಿ, ನಮ್ಮೂರಿನ ಆಟೊ ಸವಾರಿಗೆ ಹೋಲಿಸಿದರೆ ಏನೇನೂ ಅಲ್ಲ.

ಇದರ ನಿಜವಾದ ಹೆಚ್ಚುಗಾರಿಕೆ ಹವಾನಿಯಂತ್ರಣದಲ್ಲಿಲ್ಲ, ಕಟ್ಟೆಯಲ್ಲಿದೆ. ಜೆಟ್ಟಿಯೇ ನೀರಿನ ಮೇಲೆ ತೇಲುತ್ತದೆ. ಉಬ್ಬರ ಬಂದರೆ ದೋಣಿಯ ಜೊತೆ ಕಟ್ಟೆಯೂ ಏರುತ್ತದೆ, ಇಳಿತ ಬಂದರೆ ಎರಡೂ ಇಳಿಯುತ್ತವೆ. ಅಮ್ಮನನ್ನು ನಿಲ್ಲಿಸಿದ ಆ ಸಂದು ಇಲ್ಲಿಲ್ಲ, ಗಾಲಿಕುರ್ಚಿಯನ್ನೂ ನೇರವಾಗಿ ಒಳಗೆ ತಳ್ಳಿಕೊಂಡು ಹೋಗಬಹುದು. ವಯಸ್ಸಾದವರು, ಕೈಗೂಸು, ಪೆಟ್ಟಿಗೆಗಳು ಜೊತೆಯಲ್ಲಿದ್ದರೆ ಬೇರೆ ಯೋಚನೆ ಬೇಡ. ಎಂಜಿನ್ನಿನ ಸದ್ದೂ ಇಲ್ಲ, ಡೀಸೆಲ್ ವಾಸನೆಯೂ ಇಲ್ಲ.

ಕೊರತೆಯೂ ಅಲ್ಲೇ ಇದೆ. ಗಾಜಿನ ಹಿಂದೆ ಕೂತು ನೋಡುವ ನೀರು ಟಿವಿಯಲ್ಲಿ ನೋಡಿದಂತೆ. ಗಾಳಿ ಮುಖಕ್ಕೆ ಬಡಿಯುವುದಿಲ್ಲ. ಮಗಳು ಐದು ನಿಮಿಷ ಕಿಟಕಿಗೆ ಮೂಗು ಒತ್ತಿ, ಆಮೇಲೆ ಮೊಬೈಲ್ ಕೇಳಿದಳು. ಹಳೆಯ ದೋಣಿಯಲ್ಲಿ ಕೇಳಿರಲಿಲ್ಲ. ಜೊತೆಗೆ ರಜಾದಿನಗಳಲ್ಲಿ ಸಾಲು ಉದ್ದವಿರುತ್ತದೆ. ದೋಣಿಗೆ ಇಷ್ಟೇ ಜನ ಎಂದು ಎಣಿಸಿ ಬಿಡುತ್ತಾರೆ, ಒಬ್ಬರನ್ನೂ ಹೆಚ್ಚಿಗೆ ಹತ್ತಿಸುವುದಿಲ್ಲ. ಕಾಯುವಾಗ ಸಿಟ್ಟು ಬರುತ್ತದೆ, ದೋಣಿಯಲ್ಲಿ ಕೂತ ಮೇಲೆ ಅದೇ ನೆಮ್ಮದಿ ಎನಿಸುತ್ತದೆ.

ಮರೀನ್ ಡ್ರೈವಿನ ಸುತ್ತಾಟದ ದೋಣಿ

ಮರೀನ್ ಡ್ರೈವಿನ ಉದ್ದಕ್ಕೂ ಖಾಸಗಿ ದೋಣಿಯವರು ‘ಒಂದು ಗಂಟೆ, ಚೀನಾ ಬಲೆ, ಡಾಲ್ಫಿನ್ ಗ್ಯಾರಂಟಿ’ ಎಂದು ಕರೆಯುತ್ತಾರೆ. ಸಹೋದ್ಯೋಗಿಗಳ ಜೊತೆ ಹೋದಾಗ ನಾವು ಏಳು ಜನ ಒಂದು ದೋಣಿಯನ್ನು ಗೊತ್ತು ಮಾಡಿದೆವು. ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸಿದೆವೆಂದು ಬೀಗುತ್ತಿದ್ದೆವು. ಹಾಡು ಎಷ್ಟು ಜೋರೆಂದರೆ ಡಾಲ್ಫಿನ್‌ಗಳು ಲಕ್ಷದ್ವೀಪಕ್ಕೆ ಓಡಿಹೋಗಿರಬೇಕು. ಮೂವತ್ತೈದನೆಯ ನಿಮಿಷಕ್ಕೆ, ಫೋರ್ಟ್ ಕೊಚ್ಚಿಯ ದಡದಲ್ಲಿ ನಿಂತ ಚೀನಾ ಮಾದರಿಯ ದೊಡ್ಡ ಮೀನು ಬಲೆಗಳು ದೂರದಲ್ಲಿ ಕಡ್ಡಿಗಳಂತೆ ಕಾಣುವಾಗಲೇ, ದೋಣಿ ತಿರುಗಿತು. ಕೇಳಿದರೆ ‘ಕರೆಂಟ್ ಜಾಸ್ತಿ’ ಎಂದರು. ನೀರಿನ ಸೆಳೆತ ಎಂಬ ಅರ್ಥದಲ್ಲಿ ಹೇಳಿದ್ದಂತೆ. ಹತ್ತಿದ ಜಾಗದಲ್ಲೇ ಇಳಿದೆವು, ಹಲಸೂರಿನ ಹಾಗೆಯೇ.

ಎಲ್ಲ ದೋಣಿಗಳೂ ಹೀಗೆ ಎನ್ನುತ್ತಿಲ್ಲ. ರಾಜ್ಯ ಸರ್ಕಾರದ ಒಳನಾಡು ಜಲಯಾನ ನಿಗಮವೂ ‘ಸಾಗರರಾಣಿ’ ಎಂಬ ಹೆಸರಿನಲ್ಲಿ ಅಲ್ಲಿಂದಲೇ ವಿಹಾರ ನಡೆಸುತ್ತದೆ. ಹಬ್ಬದೂಟದಂತೆ ಒಂದು ಸಂಜೆಯ ಗಮ್ಮತ್ತು ಬೇಕೆನ್ನುವ ದೊಡ್ಡ ಗುಂಪಿಗೆ ಅದು ಸರಿ. ಖಾಸಗಿಯವರ ದೋಣಿಯನ್ನೇ ಹಿಡಿಯುವುದಾದರೆ ಎರಡು ವಿಷಯ ನೋಡಿಕೊಳ್ಳಿ: ಎಲ್ಲರಿಗೂ ಜಾಕೆಟ್ ಇದೆಯೇ, ಅನುಮತಿಸಿದ ಜನಸಂಖ್ಯೆಯ ಫಲಕ ಇದೆಯೇ. 2023ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ ವಿಹಾರದ ದೋಣಿ ಸಂಜೆಗತ್ತಲಲ್ಲಿ ಮಗುಚಿ 22 ಮಂದಿ ತೀರಿಹೋದರು, ಅವರಲ್ಲಿ ಮಕ್ಕಳೂ ಇದ್ದರು. ‘ಇನ್ನಿಬ್ಬರು ಕೂರಲಿ ಬಿಡಿ’ ಎನ್ನುವ ದೋಣಿಯಿಂದ ನೀವು ಇಳಿದುಬಿಡಿ.

ಇನ್ನು ಮನೆದೋಣಿ, ಅಂದರೆ ಮಲಗುವ ಕೋಣೆಯಿರುವ ಹೌಸ್‌ಬೋಟ್. ಆ ವ್ಯವಹಾರದ ತವರು ಆಲಪ್ಪುಳ. ಕೊಚ್ಚಿಯ ಹಳೆಯ ಊರಿಗೂ ಅದಕ್ಕೂ ಸಂಬಂಧವಿಲ್ಲ.

ಬಸ್ಸಿನ ಪಾಲು

ರಸ್ತೆಯಲ್ಲಿ ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ಹತ್ತು ಹನ್ನೆರಡು ಕಿಲೋಮೀಟರ್ ಬಳಸು. ತೇವರ ದಾಟಿ, ವಿಲಿಂಗ್ಡನ್ ದ್ವೀಪದ ತುದಿಯನ್ನು ಮುಟ್ಟಿ, ಸೇತುವೆಯೇರಿ ತೋಪ್ಪುಂಪಡಿ, ಅಲ್ಲಿಂದ ಬಲಕ್ಕೆ. ಮುಕ್ಕಾಲು ಗಂಟೆ ಬೇಕು, ಸಂಜೆ ಅದಕ್ಕಿಂತ ಹೆಚ್ಚು. ಸಿಲ್ಕ್ ಬೋರ್ಡ್ ಕಂಡವರಿಗೆ ಆ ದಟ್ಟಣೆ ಹೆದರಿಕೆ ಹುಟ್ಟಿಸುವುದಿಲ್ಲ. ಹೆದರಿಕೆಯಾಗುವುದು ರಸ್ತೆ ಖಾಲಿಯಾದಾಗ. ಕೊಚ್ಚಿಯ ಖಾಸಗಿ ಸಿಟಿ ಬಸ್ಸುಗಳು ಒಂದನ್ನೊಂದು ಹಿಂದಿಕ್ಕುವ ಪರಿ ನೋಡಿದರೆ ನಮ್ಮ ಬಿಎಂಟಿಸಿ ಚಾಲಕರು ಸನ್ಯಾಸಿಗಳು. ಬಾಗಿಲಲ್ಲಿ ನೇತಾಡುತ್ತಾ ಜನರನ್ನು ಹತ್ತಿಸುವ ಹುಡುಗನಿಗೆ ಅಲ್ಲಿ ‘ಕಿಳಿ’ ಎನ್ನುತ್ತಾರೆ, ಹಕ್ಕಿ ಎಂದು. ನಮ್ಮ ಗಿಳಿಯೇ ಅದು. ಹಾರುವುದಕ್ಕೆ ರೆಕ್ಕೆ ಮಾತ್ರ ಇಲ್ಲ.

ಫಲಕಗಳು ಬಹುತೇಕ ಮಲಯಾಳದಲ್ಲಿರುತ್ತವೆ. ‘ಫೋರ್ಟ್ ಕೊಚ್ಚಿ ಪೋಕುಮೋ’ ಎಂದು ಕೇಳಿದರೆ ಸಾಕು. ಶಾಲೆಯಲ್ಲಿ ಹಳಗನ್ನಡದ ‘ಪೋಗು’ ಓದಿದವರಿಗೆ ಆ ಪ್ರಶ್ನೆ ಅನ್ಯಭಾಷೆ ಎನಿಸುವುದೇ ಇಲ್ಲ.

ಹಾಗಾದರೆ ಬಸ್ಸು ಯಾವಾಗ ಮೇಲು? ಮಳೆಗಾಲದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಅರಬ್ಬಿ ಸಮುದ್ರದಿಂದ ಮಳೆ ಅಡ್ಡಡ್ಡ ಹೊಡೆಯುವಾಗ ಹಳೆಯ ದೋಣಿಯ ಟಾರ್ಪಾಲಿನ್ ಇಳಿಸಿಬಿಡುತ್ತಾರೆ. ಆಗ ಕತ್ತಲೆಯ ಡಬ್ಬಿಯೊಳಗೆ ಎಂಜಿನ್ನಿನ ಸದ್ದು ಕೇಳುತ್ತಾ ಕೂರಬೇಕು, ಕಾಣುವುದು ಏನೂ ಇಲ್ಲ. ನೀರೆಂದರೆ ಹೊಟ್ಟೆ ತೊಳಸುವವರು ಜೊತೆಯಲ್ಲಿದ್ದರೂ ಬಸ್ಸು. ಕತ್ತಲಾದ ಮೇಲೆ, ದೋಣಿ ನಿಂತ ಹೊತ್ತಿನಲ್ಲಿ, ಬೇರೆ ದಾರಿಯೂ ಇಲ್ಲ.

ಕೇರಳ ಸಾರಿಗೆಯವರು 2025ರ ಜುಲೈನಲ್ಲಿ ತೆರೆದ ಮಾಳಿಗೆಯ ಡಬಲ್ ಡೆಕ್ಕರ್ ಬಸ್ಸನ್ನು ಸಂಜೆಯ ಸುತ್ತಿಗೆ ಬಿಟ್ಟಿದ್ದಾರೆ. ಜೆಟ್ಟಿಯ ಬಳಿಯಿಂದಲೇ ಹೊರಟು, ತೋಪ್ಪುಂಪಡಿಯ ಕಡೆ ಹೋಗಿ ಮರಳಿ, ಮರೀನ್ ಡ್ರೈವ್ ಹಾದು ಗೋಶ್ರೀ ಸೇತುವೆಗಳ ಮೇಲೆ ದ್ವೀಪಗಳತ್ತ ಸಾಗುತ್ತದೆ. ಮೇಲಂತಸ್ತಿಗೆ ದರ ಹೆಚ್ಚು, ಕೆಳಗಿನದಕ್ಕೆ ಕಡಿಮೆ. ಕೆಳಗೆ ಕೂರುವುದಾದರೆ ಹೋಗದಿರುವುದೇ ಮೇಲು. ಗೋಶ್ರೀ ಸೇತುವೆಗಳು ತೆರೆದದ್ದು 2004ರಲ್ಲಿ. ಅಲ್ಲಿಯವರೆಗೆ ವೈಪಿನ್‌ನ ಜನ ಎರ್ನಾಕುಳಂಗೆ ಬರಲು ದೋಣಿಯನ್ನೇ ನೆಚ್ಚಿದ್ದರು. ಅದು ಗೊತ್ತಿದ್ದು ಆ ಸೇತುವೆಯ ಮೇಲೆ ಸಂಜೆಗಾಳಿಯಲ್ಲಿ ಕೂತರೆ, ಬಸ್ಸಿನಿಂದ ನೋಡುವ ನೀರಿಗೂ ಒಂದು ತೂಕ ಬರುತ್ತದೆ. ಈ ಬಸ್ಸು ಊರಿನ ಅಂಚನ್ನು ತೋರಿಸುತ್ತದೆಯೇ ಹೊರತು ಫೋರ್ಟ್ ಕೊಚ್ಚಿಯ ಗಲ್ಲಿಗಳಿಗೆ ಒಯ್ಯುವುದಿಲ್ಲ. ಹಗಲು ನಡೆದು ಸುಸ್ತಾದ ಮೇಲೆ ಕೂತು ಊರು ನೋಡಲು ಒಳ್ಳೆಯದು.

ಬೆಂಗಳೂರಿನಿಂದಲೇ ಹೊರಡುವ ‘ಮುನ್ನಾರ್-ಆಲಪ್ಪುಳ-ಕೊಚ್ಚಿ’ ಪ್ಯಾಕೇಜ್ ಬಸ್ಸುಗಳ ಬಗ್ಗೆ ಒಂದೇ ಮಾತು. ಅವು ಕೊಚ್ಚಿಗೆ ಅರ್ಧ ದಿನ ಕೊಡುತ್ತವೆ, ಅದರಲ್ಲಿ ಊಟವೂ ಸೇರಿರುತ್ತದೆ.

ಶನಿವಾರ, ಭಾನುವಾರದ ಲೆಕ್ಕ

ನಾವು ಸಾಮಾನ್ಯವಾಗಿ ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಿಗ್ಗೆ ಇಳಿಯುತ್ತೇವೆ. ಮಟ್ಟಾಂಚೇರಿಯ ಪರದೇಸಿ ಸಿನಗಾಗ್, 1568ರಲ್ಲಿ ಕಟ್ಟಿದ್ದು, ಶನಿವಾರ ಮುಚ್ಚಿರುತ್ತದೆ. ಯಹೂದಿಗಳ ವಿಶ್ರಾಂತಿಯ ದಿನ ಅದು. ಬೆಂಗಳೂರಿನವರು ಬಾಗಿಲು ನೋಡಿ ವಾಪಸಾಗುವುದು ಈ ಕಾರಣಕ್ಕೆ. ಶುಕ್ರವಾರವೇ ತಲುಪುವವರಿಗೆ ಇನ್ನೊಂದು ಪೆಟ್ಟು, ಆ ದಿನ ಪಕ್ಕದ ಡಚ್ ಅರಮನೆ ಮುಚ್ಚಿರುತ್ತದೆ. ಭಾನುವಾರ ಎರಡೂ ತೆರೆದಿರುತ್ತವೆ, ಆದರೆ ಬೆಳಿಗ್ಗೆ ಸೇಂಟ್ ಫ್ರಾನ್ಸಿಸ್ ಇಗರ್ಜಿಯಲ್ಲಿ ಪ್ರಾರ್ಥನೆ.

ಆದ್ದರಿಂದ ಶನಿವಾರ ಫೋರ್ಟ್ ಕೊಚ್ಚಿ, ಭಾನುವಾರ ಮಟ್ಟಾಂಚೇರಿ. ಶನಿವಾರ ಬೆಳಿಗ್ಗೆ ಹಳೆಯ ದೋಣಿಯಲ್ಲಿ ಹೋಗಿ ಇಳಿದರೆ ಚೀನಾ ಬಲೆಗಳು ನಡೆದಷ್ಟೇ ದೂರ. ಒಂದು ಬಲೆಯನ್ನು ನಾಲ್ಕೈದು ಜನ ಸೇರಿ ಎಳೆಯುತ್ತಾರೆ. ಹಗ್ಗಕ್ಕೆ ಕಟ್ಟಿದ ಕಲ್ಲುಗುಂಡುಗಳು ಒಂದೊಂದಾಗಿ ಕೆಳಗಿಳಿದಂತೆ ಬಲೆ ಮೇಲೇಳುತ್ತದೆ, ನಮ್ಮ ಹಳ್ಳಿಯ ಏತದ ಲೆಕ್ಕವೇ. ಹತ್ತಿರದಲ್ಲೇ ಸೇಂಟ್ ಫ್ರಾನ್ಸಿಸ್ ಇಗರ್ಜಿ. 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಇಲ್ಲಿ ಹೂಳಿದ್ದರು, ಆಮೇಲೆ ಅವಶೇಷವನ್ನು ಲಿಸ್ಬನ್ನಿಗೆ ಒಯ್ದರು. ಗೋರಿಯ ಜಾಗ ಉಳಿದಿದೆ. ಮೇಲೆ ಹಗ್ಗದಿಂದ ಎಳೆಯುವ ಹಳೆಯ ಪಂಖಾಗಳು ಈಗಲೂ ತೂಗುತ್ತವೆ. ಹಗ್ಗ ಎಳೆಯುವವನು ಇಗರ್ಜಿಯ ಹೊರಗೆ ಬಿಸಿಲಲ್ಲಿ ಕೂರುತ್ತಿದ್ದ, ಗಾಳಿ ಒಳಗಿನವರಿಗೆ.

ಮಧ್ಯಾಹ್ನ ಬೇಸರವಾದರೆ ಇಗರ್ಜಿಯಿಂದ ಸ್ವಲ್ಪ ನಡೆದು ರೋ-ರೋ ಹತ್ತಿ. ಕಾರು, ಬೈಕು, ಮೀನಿನ ಬುಟ್ಟಿ, ಶಾಲಾ ಮಕ್ಕಳು, ಎಲ್ಲವನ್ನೂ ಒಟ್ಟಿಗೆ ಹೊತ್ತು ಫೋರ್ಟ್ ಕೊಚ್ಚಿಗೂ ವೈಪಿನ್‌ಗೂ ನಡುವೆ ಓಡಾಡುವ ಚಪ್ಪಟೆ ಹಡಗು ಅದು. ಐದಾರು ನಿಮಿಷದ ದಾರಿ, ಬಿಡಿಕಾಸಿನ ಟಿಕೆಟ್. ಸಮುದ್ರದ ಬಾಯನ್ನು ಅಡ್ಡಲಾಗಿ ದಾಟುವುದರಿಂದ ದೊಡ್ಡ ಹಡಗೇನಾದರೂ ಬಂದರೆ ಅದಕ್ಕೆ ದಾರಿ ಬಿಟ್ಟು ಕಾಯುತ್ತದೆ. ನಾವಿದ್ದಾಗ ಒಂದು ಸರಕು ಹಡಗು ಬಂತು. ಬಹುಮಹಡಿ ಅಪಾರ್ಟ್‌ಮೆಂಟೊಂದು ಸದ್ದಿಲ್ಲದೆ ಎದುರಿನಿಂದ ಹಾದುಹೋದಂತೆ. ಸಾವಿರಾರು ರೂಪಾಯಿಯ ವಿಹಾರದಲ್ಲಿ ಸಿಗದೇ ಇದ್ದದ್ದು ಇಲ್ಲಿ ಚಿಲ್ಲರೆಗೆ ಸಿಕ್ಕಿತು.

ಭಾನುವಾರ ಮಟ್ಟಾಂಚೇರಿಗೆ ವಾಟರ್ ಮೆಟ್ರೊ. ಟರ್ಮಿನಲ್‌ನಿಂದ ಅರಮನೆ ಹತ್ತಿರ. ಹೆಸರು ಡಚ್ ಅರಮನೆಯಾದರೂ 1555ರ ಸುಮಾರಿಗೆ ಕಟ್ಟಿಸಿ ರಾಜನಿಗೆ ಒಪ್ಪಿಸಿದವರು ಪೋರ್ಚುಗೀಸರು, ಡಚ್ಚರು ದುರಸ್ತಿ ಮಾಡಿದರು, ಹೆಸರು ಹೊಡೆದುಕೊಂಡರು. ಒಳಗೆ ಗೋಡೆ ತುಂಬ ರಾಮಾಯಣದ ಚಿತ್ರಗಳು. ಅವುಗಳ ಮುಂದೆ ಅಪ್ಪ ಒಂದು ಗಂಟೆ ನಿಂತರು. ಸಿನಗಾಗ್‌ನಲ್ಲಿ ತಲೆ ಎತ್ತಿ ದೀಪಗುಚ್ಛ ನೋಡುವವರೇ ಎಲ್ಲ. ಕೆಳಗೆ ನೋಡಿ, ಚೀನಾದಿಂದ ಬಂದ ನೀಲಿ ಬಿಳಿಯ ಹೆಂಚುಗಳು ಕೈಯಿಂದ ಬರೆದವು, ಒಂದರಂತೆ ಇನ್ನೊಂದಿಲ್ಲ. ಹೊರಬಂದು ಬಜಾರ್ ರಸ್ತೆಯಲ್ಲಿ ನಡೆದರೆ ಶುಂಠಿ, ಮೆಣಸಿನ ಗೋದಾಮುಗಳ ಘಾಟು, ನಮ್ಮ ತರಗುಪೇಟೆಯನ್ನು ಉಪ್ಪುಗಾಳಿಯಲ್ಲಿ ಅದ್ದಿ ತೆಗೆದಂತೆ. ಗೋವಾದಿಂದ ಪೋರ್ಚುಗೀಸರ ಕಾಲದಲ್ಲಿ ಬಂದ ಕೊಂಕಣಿ ಕುಟುಂಬಗಳು ಇಲ್ಲಿ ಇನ್ನೂ ಇವೆ, ಅವರ ತಿರುಮಲ ದೇವಸ್ಥಾನವೂ ಇದೆ. ಮನೆಯಲ್ಲಿ ಕೊಂಕಣಿ ಮಾತನಾಡುವವರು ಬಾಯಿಬಿಟ್ಟು ನೋಡಿ, ಅಂಗಡಿಯವರು ಸ್ಟೂಲ್ ಹಾಕಿ ಕೂರಿಸುತ್ತಾರೆ.

ಹಳೆಯ ಊರಿನೊಳಗೆ ಬಸ್ಸೂ ಬೇಡ, ದೋಣಿಯೂ ಬೇಡ. ಫೋರ್ಟ್ ಕೊಚ್ಚಿಯಲ್ಲಿ ಎಲ್ಲವೂ ನಡಿಗೆಯ ದೂರ, ಅಲ್ಲಿಂದ ಮಟ್ಟಾಂಚೇರಿಗೆ ಬಿಸಿಲಿದ್ದರೆ ಆಟೊ. ಆಟೊದವರು ‘ಐವತ್ತು ರೂಪಾಯಿಗೆ ಇಡೀ ಊರು ತೋರಿಸುತ್ತೇನೆ’ ಎಂದರೆ ಮಧ್ಯದಲ್ಲಿ ಮೂರು ಕರಕುಶಲ ಮಳಿಗೆಗಳಿವೆ ಎಂದು ಅರ್ಥ.

ಡಿಸೆಂಬರ್ ಕೊನೆಯ ವಾರ ಮಾತ್ರ ಈ ಲೆಕ್ಕವೆಲ್ಲ ಬುಡಮೇಲು. ಫೋರ್ಟ್ ಕೊಚ್ಚಿಯ ಕಾರ್ನಿವಲ್, ಹೊಸವರ್ಷದ ರಾತ್ರಿ ಸುಡುವ ಪಪ್ಪಾಂಜಿ ಎಂಬ ಮುದುಕನ ಬೊಂಬೆ, ಬಿಯೆನ್ನಾಲೆ ಎಂಬ ಕಲಾ ಪ್ರದರ್ಶನ ನಡೆಯುವ ವರ್ಷವಾದರೆ ಅದರ ಜನ. ಜೆಟ್ಟಿಯ ಸಾಲು ರಸ್ತೆಗೆ ಬಂದಿರುತ್ತದೆ, ಬಸ್ಸು ತೋಪ್ಪುಂಪಡಿಯಲ್ಲೇ ಬೇರು ಬಿಟ್ಟಿರುತ್ತದೆ. ಆ ವಾರ ಹೋಗುವುದಾದರೆ ಫೋರ್ಟ್ ಕೊಚ್ಚಿಯಲ್ಲೇ ಕೋಣೆ ಹಿಡಿಯಿರಿ. ದಾಟುವ ಪ್ರಶ್ನೆಯೇ ಏಳುವುದಿಲ್ಲ.

ವಾಪಸಾಗುವ ದಿನದ ಬಗ್ಗೆ ಒಂದು ಮಾತು ಉಳಿದಿದೆ. ಬೆಂಗಳೂರಿನ ಬಸ್ಸು ವೈಟ್ಟಿಲದಿಂದ ರಾತ್ರಿ ಒಂಬತ್ತಕ್ಕೆ ಎಂದುಕೊಳ್ಳಿ. ಸೂರ್ಯಾಸ್ತ ನೋಡಿ ಬಸ್ಸಿನಲ್ಲಿ ಹೊರಟರೆ ಸೇತುವೆಯ ಮೇಲೆ ಸಿಕ್ಕಿಹಾಕಿಕೊಂಡು ಗಡಿಯಾರ ನೋಡುತ್ತೀರಿ. ಬೆಳಿಗ್ಗೆ ಇಳಿಯುವಾಗಲೇ ಕೊನೆಯ ದೋಣಿಯ ಸಮಯ ಕೇಳಿಟ್ಟುಕೊಂಡು, ಅದಕ್ಕೆ ಎರಡು ಮುಂಚಿನದನ್ನು ಹತ್ತಿ. ಆ ಹೊತ್ತಿಗೆ ಹಳೆಯ ದೋಣಿಯಲ್ಲಿ ಕೆಲಸ ಮುಗಿಸಿದವರೇ ತುಂಬಿರುತ್ತಾರೆ, ಅರ್ಧ ಜನ ತೂಕಡಿಸುತ್ತಿರುತ್ತಾರೆ. ಬಲಗಡೆ ವಿಲಿಂಗ್ಡನ್ ದ್ವೀಪದ ದೀಪಗಳು, ಎದುರಿಗೆ ಎರ್ನಾಕುಳಂ ಹತ್ತಿಕೊಳ್ಳುತ್ತಿರುತ್ತದೆ. ಮಗಳು ಗಂಟೆ ಎಣಿಸಿದಳು. ಹೊರಡುವಾಗ ಎಷ್ಟು, ನಿಲ್ಲುವಾಗ ಎಷ್ಟು ಎಂದು ಬೆಂಗಳೂರಿಗೆ ಬಂದ ಮೇಲೂ ಅವಳು ತಪ್ಪಿಲ್ಲದೆ ಹೇಳುತ್ತಾಳೆ.